ಜರ್ಮನಿಯಲ್ಲಿ ಓದದೆ ಉಳಿದ ಸಾಲು

ಐದು ದಿನ ಜರ್ಮನಿಯಲ್ಲಿದ್ದು ಬಂದೆ. ಆ ಊರಿನಲ್ಲಿ ಹಳೆಯ ಕೋಟೆಯೊಂದಿದೆಯಂತೆ, ನದಿಗೆ ಕಲ್ಲಿನ ಸೇತುವೆ ಇದೆಯಂತೆ, ಅವನ್ನು ನೋಡದೆ ಬಂದವರು ಪಾಪಿಗಳಂತೆ. ನಾನು ಹೆಚ್ಚಾಗಿ ನೋಡಿದ್ದು ನೇತ್ರಾಳನ್ನು. ಅವಳು ಯಾವ ದಿನ ಏನು ತೊಟ್ಟಿದ್ದಳು, ಯಾರ ಜತೆ ನಕ್ಕಳು, ಅವಳ ಮೇಜಿನ ಮುಂದೆ ಎಷ್ಟು ಜನ ನಿಂತಿದ್ದರು ಎಂಬುದನ್ನು ಈಗಲೂ ಕಣ್ಣು ಮುಚ್ಚಿ ಹೇಳಬಲ್ಲೆ. ಊರಿನ ಹೆಸರು ಮಾತ್ರ ಕೊನೆಯವರೆಗೂ ನನ್ನ ನಾಲಿಗೆಗೆ ಬರಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿಲ್ಲ.

ಪುಣೆಯ ಧನಕವಡಿ, ಹೊರಡುವ ಮುನ್ನ

ನಮ್ಮ ಅಜ್ಜ ವಿಜಯಪುರದಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡಿದವರು. ಅಪ್ಪನೂ ಅದನ್ನೇ ಮಾಡಿದರು. ನಾನು ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮಕ್ಕಳಿಂದ ನಾಟಕ ಆಡಿಸಿ, ಆಮೇಲೆ ನೌಕರಿ ಬಿಟ್ಟು ಸಿನಿಮಾದ ಹುಚ್ಚು ಹಚ್ಚಿಕೊಂಡೆ. ಹಾಗೆ ಮಾಡಿದ್ದು ‘ಮಗ್ಗಿ ಮಾಸ್ತರ’. ಹತ್ತು ಹನ್ನೆರಡು ವರ್ಷದ ಮಕ್ಕಳಿಗಾಗಿ ಒಂದು ದೆವ್ವದ ಚಿತ್ರ. ಹಳೆಯ ವಾಡೆಯೊಂದರಲ್ಲಿ ಎಂದೋ ಸತ್ತುಹೋದ ಮಾಸ್ತರರು, ರಜೆಗೆ ಬಂದ ಮಕ್ಕಳನ್ನು ಹಿಡಿದು ಹದಿಮೂರರ ಮಗ್ಗಿ ಕೇಳುತ್ತಾರೆ. ತಪ್ಪು ಹೇಳಿದವರನ್ನು ಗೋಡೆಯೊಳಗೆ ಎಳೆದುಕೊಳ್ಳುತ್ತಾರೆ.

ಇದಕ್ಕೆ ಹಣ ಹಾಕಿದವರು ಅಪ್ಪನ ಗೆಳೆಯ, ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವ್ಯಾಪಾರಿ ಬಸವಂತ ಕಾಕಾ. ಅವರದು ಒಂದೇ ಷರತ್ತು.

“ದೆವ್ವ ಕಡೀಕ ಛಲೋ ಆಗಬೇಕು ನೋಡವಾ. ಪರದೇದ ಮ್ಯಾಲೆ ಮೊದಲ ನನ್ನ ಹೆಸರು ಬರತದ. ಕೆಟ್ಟ ದೆವ್ವಕ್ಕ ರೊಕ್ಕ ಹಾಕ್ಯಾನ ಅಂತ ಬಾಜಾರದಾಗ ಮಂದಿ ಆಡಕೋಬಾರದು.”

ಆದ್ದರಿಂದ ನನ್ನ ದೆವ್ವ ಕೊನೆಗೆ ಮಕ್ಕಳನ್ನೆಲ್ಲ ಗೋಡೆಯಿಂದ ಹೊರಗೆ ಬಿಟ್ಟು, ತನ್ನ ಬಾಲ್ಯದ ಕಷ್ಟ ಹೇಳಿಕೊಂಡು, ಕ್ಷಮೆ ಕೇಳುತ್ತದೆ. ಸಾಕಷ್ಟು ಹೊತ್ತು ಕೇಳುತ್ತದೆ.

ಚಿತ್ರ ಮುಗಿದ ಮೇಲೆ ಹಂಚುವವರೇ ಸಿಗಲಿಲ್ಲ. ಪುಣೆಯ ಚಿತ್ರಮಂದಿರದ ಮ್ಯಾನೇಜರು, “ಮ್ಯಾಡಮ್, ಹಾ ಮುಲಾಂಚಾ ಪಿಕ್ಚರ್ ಕೀ ಭುತಾಚಾ?” ಎಂದು ಕೇಳಿದರು. ಮಕ್ಕಳದೋ, ದೆವ್ವದ್ದೋ. ಎರಡೂ ಎಂದೆ. ಮಕ್ಕಳ ಚಿತ್ರವಾದರೆ ತಾಯಂದಿರು ದೆವ್ವಕ್ಕೆ ಹೆದರಿ ಕರೆತರುವುದಿಲ್ಲ, ದೆವ್ವದ ಚಿತ್ರವಾದರೆ ಕಾಲೇಜಿನವರು ಮಕ್ಕಳನ್ನು ನೋಡಿ ಎದ್ದು ಹೋಗುತ್ತಾರೆ, ಎಂದರು. ಹುಬ್ಬಳ್ಳಿಯವರು ಭಾಳ ಛಲೋ ಅದರಿ ಎಂದು ಹೇಳಿ ಫೋನ್ ಎತ್ತುವುದನ್ನು ಬಿಟ್ಟರು. ಬೆಂಗಳೂರಿನವರೊಬ್ಬರು ನಮ್ಮ ಕನ್ನಡಕ್ಕೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿಸಿ ಎಂದರು. ಎರಡು ವರ್ಷದಿಂದ ನನ್ನ ಚಿತ್ರ ಒಂದು ಹಾರ್ಡ್ ಡಿಸ್ಕಿನಲ್ಲಿ, ಬೀರುವಿನೊಳಗೆ, ಇಳಕಲ್ಲ ಸೀರೆಗಳ ಕೆಳಗೆ ಮಲಗಿತ್ತು.

ಹೀಗಿರುವಾಗ ಜರ್ಮನಿಯ ಮಕ್ಕಳ ಚಿತ್ರಮೇಳದಿಂದ ಕರೆ ಬಂತು. ಅಲ್ಲಿ ಮಾರ್ಟಿನ್ ಎಂಬ ವಿತರಕರು ವರ್ಷಕ್ಕೊಂದೇ ಒಂದು ಹೆದರಿಕೆಯ ಚಿತ್ರ ಆರಿಸಿ ಊರೂರಿನ ಶಾಲೆಗಳಿಗೆ ತೋರಿಸುತ್ತಾರಂತೆ. ಅವರು ಒಪ್ಪಿದರೆ ನಮ್ಮ ಮ್ಯಾನೇಜರು ಭಾನುವಾರ ಬೆಳಗಿನ ಒಂದು ಆಟ ಕೊಡುತ್ತೇನೆ ಎಂದು ಮಾತು ಕೊಟ್ಟರು. ಜರ್ಮನರು ನೋಡಿದ್ದನ್ನು ಪುಣೆಯವರು ನೋಡದಿರಲಾರರು ಎಂಬುದು ಅವರ ಲೆಕ್ಕ. ನಾನು ಎರಡು ದಿನ ಕುಣಿದಾಡಿದೆ. ಮೂರನೆಯ ದಿನ ನೇತ್ರಾ ಫೋನ್ ಮಾಡಿ, “ಅಕ್ಕಾ, ನಂಗೂ ಮೇಲ್ ಬಂದಿದೆ” ಎಂದಳು.

ವಿಮಾನ ನಗರ

ನೇತ್ರಾ ಮೈಸೂರಿನ ಹುಡುಗಿ. ವಿಮಾನ ನಗರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಕನ್ನಡ ಸಂಘದ ನಾಟಕದಲ್ಲಿ ಸಿಕ್ಕವಳು ನನ್ನ ಹಿಂದೆ ಬಿದ್ದು, ‘ಮಗ್ಗಿ ಮಾಸ್ತರ’ದ ಚಿತ್ರೀಕರಣದಲ್ಲಿ ಹದಿನಾರು ದಿನ ರಜೆ ಹಾಕಿ ದುಡಿದಿದ್ದಳು. ಕ್ಯಾಮೆರಾ ಎಲ್ಲಿ ಇಡಬೇಕು, ಮಕ್ಕಳಿಂದ ಅಳು ಹೇಗೆ ತೆಗೆಯಬೇಕು, ಎಲ್ಲ ಕಲಿಸಿದವಳು ನಾನು. ಮೊದಲ ದಿನದಿಂದ ನನ್ನನ್ನು ಅಕ್ಕಾ ಎಂದೇ ಕರೆದಳು. ಆಮೇಲೆ ತಾನೂ ಒಂದು ಚಿತ್ರ ಬರೆದು ತಂದು ತೋರಿಸಿದಳು. ‘ಚಿಲಕ’. ಅದರಲ್ಲಿ ಮಾತು ತೀರಾ ಕಡಿಮೆ. ಫ್ಲ್ಯಾಟಿನಲ್ಲಿ ಒಬ್ಬಳೇ ಇರುವ ಹನ್ನೊಂದು ವರ್ಷದ ಹುಡುಗಿ, ಮೇಲೆ ಕೆಳಗೆ ಓಡಾಡುವ ಲಿಫ್ಟು, ಆಗಾಗ ಆಫೀಸಿನಿಂದ ತಾಯಿಯ ಫೋನು. ಅಷ್ಟೇ.

“ಮಾತಿಲ್ಲದ ಪಿಚ್ಚರಿಗೆ ಹುಡುಗೂರು ಕೂಡಂಗಿಲ್ಲ” ಎಂದು ನಾನು ಹೇಳಿದ್ದೆ. ಅವಳು ಹೂಂ ಎಂದು, ಒಂದು ಮಾತೂ ಸೇರಿಸದೆ ಚಿತ್ರ ಮಾಡಿದಳು. ಹಣಕ್ಕೆ ಯಾವ ಕಾಕಾನ ಹತ್ತಿರವೂ ಹೋಗಲಿಲ್ಲ. ಕಂಪನಿಯ ಗೆಳೆಯರು ಸೇರಿ ಹಾಕಿದರು, ಯಾರೂ ಷರತ್ತು ಹಾಕಲಿಲ್ಲ. ನನಗೆ ಆಗಲೇ ಹೊಟ್ಟೆ ಉರಿದಿತ್ತು.

ಹೊರಡುವ ದಿನ ನಾನು ವಿಮಾನ ನಿಲ್ದಾಣ ಮುಟ್ಟಲು ಎರಡು ಚೀಲ ಮತ್ತು ರಟ್ಟಿನ ಒಬ್ಬ ಮಾಸ್ತರನನ್ನು ಹೊತ್ತು, ಸ್ವಾರಗೇಟಿನ ವಾಹನ ಜಾತ್ರೆಯನ್ನು ದಾಟಿ, ಇಡೀ ಪುಣೆಯನ್ನು ಅಡ್ಡ ಹಾಯಬೇಕಾಯಿತು. ನೇತ್ರಾಳಿಗೆ ಚಪ್ಪಲಿ ಮೆಟ್ಟಿಕೊಂಡರೆ ಸಾಕು, ಹತ್ತು ನಿಮಿಷ. ಅವಳ ಸೂಟ್‌ಕೇಸಿನ ಗಾಲಿ ಸದ್ದೇ ಮಾಡುವುದಿಲ್ಲ. ನನ್ನದರಲ್ಲಿ ಒಂದು ಗಾಲಿ ದಾರಿಯಲ್ಲಿ, ಯೆರವಡಾದಲ್ಲಿಯೇ ಮುರಿದಿತ್ತು. ವಿಮಾನದಲ್ಲಿ ಕಿಟಕಿ ಅವಳಿಗೆ ಬಂತು. “ಅಕ್ಕಾ, ನೀವ್ ಕೂತ್ಕೊಳಿ” ಎಂದು ಬಿಟ್ಟುಕೊಟ್ಟಳು. ಬೇಡ ಎಂದೆ. ಬಿಟ್ಟುಕೊಟ್ಟಿದ್ದಕ್ಕೂ ಸಿಟ್ಟು ಬಂತು.

ಶುಕ್ರವಾರ: ಶೇಂಗಾ ಹೋಳಿಗೆಯ ಅಪಾಯ

ಮೇಳದ ಕಟ್ಟಡದಲ್ಲಿ ಪ್ರತಿ ಚಿತ್ರಕ್ಕೂ ಒಂದು ಮೇಜು. ಬಂದು ಹೋಗುವ ಶಾಲೆಯವರಿಗೆ, ಮಕ್ಕಳಿಗೆ ನಿಮ್ಮ ಚಿತ್ರದ ಬಗ್ಗೆ ಹೇಳಬೇಕು. ಪ್ರಚಾರ ಎಂದರೆ ಅದೇ. ನಾನು ಆರಡಿಯ ರಟ್ಟಿನ ಮಾಸ್ತರನನ್ನು ಬೆತ್ತದ ಸಮೇತ ನಿಲ್ಲಿಸಿದೆ. ಐದು ನಿಮಿಷಕ್ಕೆ ಅಗ್ನಿ ಸುರಕ್ಷೆಯವನೊಬ್ಬ ಅಳತೆಯ ಪಟ್ಟಿ ಹಿಡಿದು ಬಂದ. ಮೇಜಿನಿಂದ ಬಾಗಿಲಿಗೆ ಇರಬೇಕಾದ ದಾರಿಯಲ್ಲಿ ನನ್ನ ದೆವ್ವ ಒಂದು ಗೇಣು ಒಳಗೆ ಬಂದಿದೆಯಂತೆ. ನಮ್ಮ ಊರಿನಲ್ಲಾದರೆ ಚಹಾ ಕುಡಿಸಿ ಕಳಿಸಬಹುದಿತ್ತು. ಇವನು ಚಹಾ ಕುಡಿದ, ಥ್ಯಾಂಕ್ಸ್ ಹೇಳಿದ, ಮಾಸ್ತರನನ್ನು ಎತ್ತಿಕೊಂಡು ಹೋಗಿ ಶೌಚಾಲಯದ ಓಣಿಯಲ್ಲಿ ನಿಲ್ಲಿಸಿದ. ಆ ಐದು ದಿನದಲ್ಲಿ ನನ್ನ ದೆವ್ವ ಯಾರನ್ನಾದರೂ ಹೆದರಿಸಿದ್ದರೆ ಅಲ್ಲಿ ಮಾತ್ರ.

ನನ್ನ ಎರಡನೆಯ ಅಸ್ತ್ರ ಶೇಂಗಾ ಹೋಳಿಗೆ. ಮನೆಯಲ್ಲಿ ಮೂರು ದಿನ ಕೂತು ಮಾಡಿದ್ದೆ. ನಮ್ಮಲ್ಲಿ ತಿನ್ನಲು ಕೊಡದೆ ಮಾತು ಶುರುವಾಗುವುದಿಲ್ಲ. ಡಬ್ಬಿ ತೆರೆದು ಇಬ್ಬರು ಹುಡುಗಿಯರಿಗೆ ಕೊಡುವಷ್ಟರಲ್ಲಿ ಅವರ ಟೀಚರು ಓಡಿ ಬಂದು ನನ್ನ ಕೈ ಹಿಡಿದರು. ಶೇಂಗಾ ಕೆಲವು ಮಕ್ಕಳಿಗೆ ಆಗುವುದಿಲ್ಲ, ಉಸಿರೇ ಕಟ್ಟಬಹುದು, ಎಂದರು. ಸ್ವಲ್ಪ ಹೊತ್ತಿನಲ್ಲಿ ನನ್ನ ಮೇಜಿನ ಮೇಲೆ ಒಂದು ಫಲಕ ಬಂತು. ಅದರಲ್ಲಿ ಶೇಂಗಾಕಾಯಿಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಹೆದರಿಕೆಯ ಚಿತ್ರದ ಮೇಜಿನಲ್ಲಿ ಅಪಾಯಕಾರಿ ಅನ್ನಿಸಿಕೊಂಡದ್ದು ಹೋಳಿಗೆ ಒಂದೇ.

ಪಕ್ಕದಲ್ಲಿ ನೇತ್ರಾ ಏನು ಮಾಡಿದ್ದಳೆಂದರೆ, ಬಾಗಿಲ ಹಿಡಿಕೆಗೆ ನೇತುಹಾಕುವ ರಟ್ಟಿನ ಚೀಟಿ ಮಾಡಿಸಿ ತಂದಿದ್ದಳು. ಒಂದು ಮಗ್ಗುಲಲ್ಲಿ ಚಿಲಕದ ಚಿತ್ರ. ಇನ್ನೊಂದು ಮಗ್ಗುಲಲ್ಲಿ ಜರ್ಮನ್ ಭಾಷೆಯಲ್ಲಿ, ‘ಒಳಗೆ ಇರುವುದು ನಾನೊಬ್ಬಳೇ, ಅಲ್ಲವೇ?’ ಮಕ್ಕಳು ಸಾಲು ಹಚ್ಚಿ ಒಯ್ದರು. ನಮ್ಮ ಹೋಟೆಲಿನ ರೂಮುಗಳ ಬಾಗಿಲಿಗೂ ಯಾರೋ ನೇತುಹಾಕಿದ್ದರು. ನನ್ನ ಬಾಗಿಲಿಗಿದ್ದುದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಆ ಊರಿನಲ್ಲಿ ಕಸದ ಬುಟ್ಟಿಗಳೂ ನಾಲ್ಕು ಬಣ್ಣದವು. ಯಾವುದರಲ್ಲಿ ಹಾಕಬೇಕೆಂದು ಕೇಳಲು ಮತ್ತೆ ನೇತ್ರಾಳ ಹತ್ತಿರವೇ ಹೋಗಬೇಕಾಯಿತು.

ಶನಿವಾರ ಬೆಳಿಗ್ಗೆ: ರೆನಾಟೆಯ ದನಿ

ಈ ಮೇಳದಲ್ಲಿ ಒಂದು ಪದ್ಧತಿ ಇದೆ. ಚಿಕ್ಕ ಮಕ್ಕಳಿಗೆ ಸಬ್‌ಟೈಟಲ್ ಓದಿ ಮುಗಿಸುವಷ್ಟು ವೇಗ ಇರುವುದಿಲ್ಲವಲ್ಲ, ಅದಕ್ಕೆ ಸಭಾಂಗಣದ ಹಿಂಭಾಗದ ಒಂದು ಚಿಕ್ಕ ಗಾಜಿನ ಕೋಣೆಯಲ್ಲಿ ಒಬ್ಬರು ಮೈಕ್ ಹಿಡಿದು ಕೂತು, ಚಿತ್ರ ಓಡುತ್ತಿರುವಾಗಲೇ ಎಲ್ಲ ಮಾತುಗಳನ್ನೂ ಜರ್ಮನ್ ಭಾಷೆಯಲ್ಲಿ ಓದುತ್ತಾರೆ. ನಾಯಕ, ನಾಯಿ, ಅಜ್ಜಿ, ದೆವ್ವ, ಎಲ್ಲರಿಗೂ ಒಂದೇ ದನಿ. ಮೂಲದ ಮಾತು ಕೆಳಗೆ ಮೆಲ್ಲಗೆ ಕೇಳುತ್ತಿರುತ್ತದೆ. ನಮ್ಮ ಎರಡೂ ಚಿತ್ರಗಳಿಗೆ ಓದುವವರು ರೆನಾಟೆ. ಅರವತ್ತರ ಹೆಂಗಸು, ಉಣ್ಣೆಯ ಶಾಲು, ಕೈಯಲ್ಲಿ ಸದಾ ಬಿಸಿನೀರಿನ ಲೋಟ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರಂತೆ.

ಚಿತ್ರ ಶುರುವಾಗುವ ಮೊದಲು ಒಬ್ಬಾಕೆ ವೇದಿಕೆಗೆ ಬಂದು ಮಕ್ಕಳಿಗೆ ಹೇಳಿದರು: ಹೆದರಿಕೆಯಾದರೆ ಕಣ್ಣು ಮುಚ್ಚಬೇಡಿ, ಕಿವಿ ಮುಚ್ಚಿ, ಹೆದರಿಕೆ ಬರುವುದು ಕಿವಿಯಿಂದ. ಎದ್ದು ಹೋಗಬೇಕೆನಿಸಿದರೆ ಬಾಗಿಲಲ್ಲಿ ಬ್ಯಾಟರಿ ಹಿಡಿದ ಆಂಟಿ ಇದ್ದಾರೆ, ನಾಚಿಕೆ ಬೇಡ. ನನಗೆ ನಗು ಬಂತು. ನಾವು ಗುಮ್ಮನನ್ನು ತೋರಿಸಿಯೇ ತುತ್ತು ತಿನ್ನಿಸಿಕೊಂಡು ಬೆಳೆದವರು. ನಮ್ಮ ಗುಮ್ಮನಿಗೆ ಬಂಡವಾಳ ಬೇಕಿಲ್ಲ, ವಿತರಕರು ಬೇಕಿಲ್ಲ, ಮನೆಮನೆಯ ಅಡುಗೆಮನೆಯಲ್ಲೂ ಬಿಡುಗಡೆಯಾಗಿರುತ್ತಾನೆ.

‘ಮಗ್ಗಿ ಮಾಸ್ತರ’ ಶುರುವಾಯಿತು. ನನ್ನ ಮಾಸ್ತರ ಗೋಡೆಯಿಂದ ಹೊರಬಂದು ಗುಡುಗಿದ. ಅವನ ಗುಡುಗಿನ ಮೇಲೆ ರೆನಾಟೆಯ ದನಿ ಬಂತು. ಎಂಥ ದನಿ ಎಂದರೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಅಜ್ಜಿಯ ದನಿ. ಹದಿಮೂರು ಏಳಲಿ ಎಷ್ಟು ಎಂದು ಅವರು ಕೇಳಿದಾಗ ಮಕ್ಕಳು ಹೆದರಲಿಲ್ಲ, ಎಲ್ಲರೂ ಸೇರಿ ಕೂಗಿ ಉತ್ತರ ಹೇಳಿದರು. ಉತ್ತರ ಸರಿಯೂ ಇತ್ತು. ನನ್ನ ದೆವ್ವ ಮಾತಿನ ಮಲ್ಲ, ಆದ್ದರಿಂದ ರೆನಾಟೆಗೆ ಒಂದು ನಿಮಿಷವೂ ಬಿಡುವಿರಲಿಲ್ಲ. ಒಂದೂವರೆ ತಾಸು ಆಕೆ ಮಕ್ಕಳ ಕೈ ಹಿಡಿದುಕೊಂಡೇ ಇದ್ದರು. ಬ್ಯಾಟರಿಯ ಆಂಟಿ ಬಾಗಿಲಲ್ಲಿ ಕೂತು ಸ್ವೆಟರ್ ಹೆಣೆದರು.

ಮುಗಿದ ಮೇಲೆ ಪ್ರಶ್ನೆ ಕೇಳುವ ಹೊತ್ತು. ಕನ್ನಡಕ ಹಾಕಿದ ಒಬ್ಬ ಹುಡುಗಿ ಎದ್ದು ನಿಂತು, “ನಿಮ್ಮ ದೆವ್ವ ತುಂಬಾ ಒಳ್ಳೆಯವರು. ನಮ್ಮ ಗಣಿತದ ಸರ್‌ಗಿಂತ ಅವರೇ ವಾಸಿ” ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿದ್ದ ಮಾರ್ಟಿನ್ ಕೂಡ ಹೊಡೆದರು, ನಗುತ್ತಲೇ, ಏನೂ ಬರೆದುಕೊಳ್ಳದೆ, ತಮ್ಮ ಟಿಪ್ಪಣಿ ಪುಸ್ತಕ ಮುಚ್ಚಿ ಜೇಬಿಗೆ ಹಾಕಿಕೊಂಡರು. ಆ ಪುಸ್ತಕ ಮುಚ್ಚಿದ್ದನ್ನು ನಾನು ನೋಡಿದೆ.

“ಅಕ್ಕಾ, ಮಕ್ಳು ಎಷ್ಟು ಎಂಜಾಯ್ ಮಾಡಿದ್ರು ನೋಡಿ” ಎಂದಳು ನೇತ್ರಾ. ಅವಳು ಮನಸಾರೆ ಹೇಳಿದಳೆಂದು ನನಗೆ ಗೊತ್ತು. ಆದರೂ ಕೆನ್ನೆಗೆ ಒಂದು ಬಿಗಿಯಬೇಕು ಅನ್ನಿಸಿತು.

ಶನಿವಾರ ಮಧ್ಯಾಹ್ನ: ಬೇಕರಿ

ಪುಣೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯವರು ಮಲಗುತ್ತಾರೆಂದು ಊರೆಲ್ಲ ಆಡಿಕೊಂಡು ನಗುತ್ತದೆ. ಈ ಊರಿನವರು ಶನಿವಾರ ಸಂಜೆಗೇ ಅಂಗಡಿಯ ಬಾಗಿಲು ಹಾಕಿದರೆ ಸೋಮವಾರವೇ ತೆಗೆಯುವುದು. ನಾಳೆಗೆ ಬ್ರೆಡ್ಡು ಬೇಕೆಂದು ಬೇಕರಿಗೆ ಹೋದೆವು. ಅಲ್ಲಿ ಕೂತು ಕಾಫಿ ಕುಡಿಯುವಾಗ ನೇತ್ರಾಳ ಫೋನು ರಿಂಗಾಯಿತು. ಆಫೀಸಿನವರು. ರಜೆ ಕೊಟ್ಟೂ ಬಿಡುವುದಿಲ್ಲ. ಅವಳು ಎದ್ದು ಹೊರಗೆ ಹೋಗುವಾಗ ಒಂದು ಕಾಗದದ ಕಟ್ಟು ನನ್ನ ಮುಂದೆ ಇಟ್ಟಳು.

“ಅಕ್ಕಾ, ಇದು ರೆನಾಟೆ ನಾಳೆ ಓದೋ ಲಿಸ್ಟು. ಚೆಕ್ ಮಾಡಿ ಸೈನ್ ಮಾಡಿ ಐದು ಗಂಟೆ ಒಳಗೆ ಕೊಡ್ಬೇಕಂತೆ. ನೀವೇ ನೋಡ್ಬಿಡ್ತೀರಾ? ನಿಮ್ ಕಣ್ಣಿಂದ ಒಂದು ತಪ್ಪೂ ತಪ್ಸಿಕೊಳಲ್ಲ.”

ಮೇಳದವರ ಕ್ರಮ ಅದು. ಚಿತ್ರದ ಪ್ರತಿ ಮಾತಿಗೂ ಒಂದು ಅಂಕಿ, ಒಂದು ಕಡೆ ಇಂಗ್ಲಿಷು, ಇನ್ನೊಂದು ಕಡೆ ಜರ್ಮನ್. ಎಲ್ಲ ಸರಿಯಾಗಿದೆ ಎಂದು ಚಿತ್ರದ ಕಡೆಯವರೊಬ್ಬರು ಕೆಳಗೆ ಸಹಿ ಹಾಕಬೇಕು. ಸಹಿ ಬಿದ್ದ ಮೇಲೆ ರೆನಾಟೆ ಆ ಕಾಗದದಲ್ಲಿ ಇಲ್ಲದ ಒಂದು ಅಕ್ಷರವನ್ನೂ ಓದುವುದಿಲ್ಲ.

ನಾನು ನೋಡಿದೆ. ಇಪ್ಪತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು. ಚಿತ್ರದಲ್ಲಿ ಮೂರು ಸಲ ತಾಯಿ ಫೋನಿನಲ್ಲಿ “ಚಿಲಕ ಹಾಕಿದ್ಯಾ?” ಎಂದು ಕೇಳುತ್ತಾಳೆ. ಮೂರೂ ಇದ್ದವು. ಕೊನೆಯಲ್ಲಿ ಹುಡುಗಿ ಎಲ್ಲದರಿಂದ ಪಾರಾಗಿ ಬಾಗಿಲಿಗೆ ಚಿಲಕ ಹಾಕಿ ಉಸಿರು ಬಿಡುತ್ತಾಳೆ, ಕಿಟಕಿಯಿಂದ ಕೆಳಗೆ ನೋಡಿದರೆ ತಾಯಿ ಆಗಷ್ಟೇ ಗೇಟಿನೊಳಗೆ ಬರುತ್ತಿರುತ್ತಾಳೆ. ಪರದೆ ಕಪ್ಪಾಗುತ್ತದೆ. ಆ ಕತ್ತಲೆಯಲ್ಲಿ, ಮನೆಯೊಳಗಿನಿಂದ, ತಾಯಿಯದೇ ದನಿಯಲ್ಲಿ ನಾಲ್ಕನೆಯ ಸಲ ಬರುತ್ತದೆ, “ಚಿಲಕ ಹಾಕಿದ್ಯಾ?” ಇಡೀ ಚಿತ್ರ ನಿಂತಿರುವುದೇ ಆ ಸಾಲಿನ ಮೇಲೆ.

ಅದು ಪಟ್ಟಿಯಲ್ಲಿ ಇರಲಿಲ್ಲ. ಪರದೆ ಕಪ್ಪಾದದ್ದನ್ನು ನೋಡಿ ಚಿತ್ರ ಮುಗಿಯಿತೆಂದು ಪಟ್ಟಿ ಮಾಡಿದವರು ನಿಲ್ಲಿಸಿಬಿಟ್ಟಿದ್ದರು.

ಗಾಜಿನಾಚೆ ನೇತ್ರಾ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಯಾರಿಗೋ ದಾರಿ ಬಿಡುತ್ತಿದ್ದಳು. ಒಬ್ಬ ಹುಡುಗ ಅವಳ ಚಿಲಕದ ಚೀಟಿಯನ್ನು ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದ. ಪಟ್ಟಿಯ ಕೊನೆಯ ಪುಟವನ್ನು ಮತ್ತೊಮ್ಮೆ ನೋಡಿದೆ. ಪೆನ್ನು ತೆಗೆದು, ಅಚ್ಚುಕಟ್ಟಾಗಿ, ಸುಮಂಗಲಾ ಎಂದು ಸಹಿ ಹಾಕಿದೆ.

“ಆಯ್ತಾ ಅಕ್ಕಾ?” ಎಂದು ಕೇಳುತ್ತ ಒಳಗೆ ಬಂದಳು.

“ಎಲ್ಲಾ ಬರೋಬ್ಬರಿ ಅದ” ಎಂದೆ.

ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಭಾನುವಾರ: ಬ್ಯಾಟರಿಯ ಆಂಟಿ ಎದ್ದು ನಿಂತದ್ದು

ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಗೌರವ ಬಂದೀತು. ಬಂತು, ಚೆನ್ನಾಗಿಯೇ ಬಂತು. ಬೆಳಿಗ್ಗೆ ಬ್ರೆಡ್ಡಿಗೆ ಶೇಂಗಾ ಹಿಂಡಿ ಎಂಬ ನಮ್ಮ ಚಟ್ನಿಪುಡಿ ಹಚ್ಚಿಕೊಂಡು ತಿಂದು, ಸಭಾಂಗಣದ ನಡುವಿನ ಸಾಲಿನಲ್ಲಿ, ನೇತ್ರಾಳ ಪಕ್ಕದಲ್ಲೇ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು.

‘ಚಿಲಕ’ದಲ್ಲಿ ಮಾತು ಕಡಿಮೆಯಲ್ಲವೇ, ರೆನಾಟೆ ಓದಿದ್ದೂ ಕಡಿಮೆ. ಆಕೆ ಮಾತಾಡಿದಾಗ ಮಕ್ಕಳು ಸಡಿಲಾಗುತ್ತಿದ್ದರು, ಸುಮ್ಮನಾದಾಗ ಒಬ್ಬರ ಹತ್ತಿರ ಒಬ್ಬರು ಸರಿಯುತ್ತಿದ್ದರು. ಮೊದಲ ಸಲ “ಚಿಲಕ ಹಾಕಿದ್ಯಾ?” ಬಂತು, ಅದರ ಬೆನ್ನಿಗೇ ರೆನಾಟೆಯ ಜರ್ಮನ್. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ರೆನಾಟೆ ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗ ಗೆಳೆಯನ ಕಿವಿಯಲ್ಲಿ ಜರ್ಮನ್ ಹೇಳಿಬಿಟ್ಟ. ಈ ಸಾಲು ಮಕ್ಕಳಿಗೆ ಆಗಲೇ ಬಾಯಿಪಾಠವಾಗಿದೆ ಎಂದು ನನಗೆ ಆಗ ಹೊಳೆಯಿತು. ಆದರೆ ನಾನು ಸಹಿ ಹಾಕಿದ ಕಾಗದ ಗಾಜಿನ ಕೋಣೆಯೊಳಗಿತ್ತು.

ಪರದೆ ಕಪ್ಪಾಯಿತು. ಸ್ಪೀಕರಿನಿಂದ ಮೆಲ್ಲಗೆ, ಒಳಗಿನ ಕೋಣೆಯಿಂದ ಬಂದ ಹಾಗೆ, “ಚಿಲಕ ಹಾಕಿದ್ಯಾ?”

ಮಕ್ಕಳು ರೆನಾಟೆಗಾಗಿ ಕಾದರು. ರೆನಾಟೆ ಮಾತಾಡಲಿಲ್ಲ. ಇಷ್ಟು ಹೊತ್ತು ಜತೆಗಿದ್ದ ಅಜ್ಜಿ ಆ ಕತ್ತಲೆಯಲ್ಲಿ ಅವರನ್ನು ಬಿಟ್ಟು ಹೋಗಿದ್ದರು. ಮತ್ತು ಅದರ ಅರ್ಥ ಏನೆಂದು ಆ ಮುನ್ನೂರು ಮಕ್ಕಳಿಗೂ ಯಾರೂ ಹೇಳದೆಯೇ ತಿಳಿದಿತ್ತು. ಆಮೇಲೆ ಎದ್ದ ಚೀರಾಟಕ್ಕೆ ಕುರ್ಚಿಗಳು ಅದುರಿದವು. ಬ್ಯಾಟರಿಯ ಆಂಟಿ ಹೆಣಿಕೆ ಬಿಟ್ಟು ಎದ್ದು ನಿಂತರು. ದೀಪ ಹತ್ತಿದಾಗ ಮಕ್ಕಳು ಅಳುತ್ತಿರಲಿಲ್ಲ. ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿದ್ದು ಬಿದ್ದು ನಗುತ್ತಿದ್ದರು, ಇನ್ನೊಮ್ಮೆ ಹಾಕಿ ಎಂದು ಕಾಲು ಬಡಿಯುತ್ತಿದ್ದರು.

ನಾನು ಮಕ್ಕಳಿಗೆ ದೆವ್ವದ ಚಿತ್ರ ಮಾಡಬೇಕೆಂದು ಹೊರಟಾಗ ಕೇಳಬೇಕೆಂದಿದ್ದ ಸದ್ದು ಇದೇ. ಅದು ಬೇರೆಯವಳ ಚಿತ್ರಕ್ಕೆ ಬಂತು. ಬರಿಸಿದವಳು ನಾನು.

ಸೋಮವಾರ: ಒಂದೇ ಒಂದು ಚಿತ್ರ

ಮಾರ್ಟಿನ್ ನಮ್ಮಿಬ್ಬರನ್ನೂ ಕರೆಸಿದರು. ಈ ವರ್ಷ ‘ಚಿಲಕ’ ಎಂದರು. ನಾನು ತಯಾರಾಗಿದ್ದೆ. ತಯಾರಿಲ್ಲದ್ದು ಮುಂದಿನ ಮಾತಿಗೆ.

“ಕೊನೆಯ ಸಾಲನ್ನು ಓದದೆ ಬಿಡುವ ಧೈರ್ಯ ಯಾರದು? ಮೂವತ್ತು ವರ್ಷದಲ್ಲಿ ತನ್ನ ಬಾಯಿಯನ್ನು ಯಾರೂ ಹೀಗೆ ಕಟ್ಟಿಹಾಕಿರಲಿಲ್ಲ ಎಂದು ರೆನಾಟೆ ಹೇಳುತ್ತಿದ್ದಾರೆ. ಕತ್ತಲೆಯಲ್ಲಿ ಕೂತು ಆಕೆಯೂ ಹೆದರಿದರಂತೆ.”

ರೆನಾಟೆಯೇ ಓದಲು ಮರೆತರು ಎಂದುಕೊಂಡಿದ್ದ ನೇತ್ರಾ ಗೊಂದಲದಿಂದ ನೋಡಿದಳು. ಮಾರ್ಟಿನ್ ಪಟ್ಟಿಯ ಕೊನೆಯ ಪುಟ ಮುಂದಿಟ್ಟರು. ಅಲ್ಲಿ ನನ್ನ ಸಹಿ ಇತ್ತು. ಅವಳ ಮುಖ ಅರಳಿತು.

“ಅಕ್ಕಾ, ನೀವಾ? ನಂಗೆ ಒಂದ್ ಮಾತೂ ಹೇಳ್ದೆ?” ಎಂದವಳು ಮಾರ್ಟಿನ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇವರು ನನ್ನ ಗುರು, ಇವರ ಕಣ್ಣಿನಿಂದ ಒಂದು ತಪ್ಪೂ ತಪ್ಪಿಸಿಕೊಳ್ಳುವುದಿಲ್ಲ, ಬೇಕೆಂದೇ ಬಿಟ್ಟಿದ್ದಾರೆ, ಎಂದಳು. ಬೇಕೆಂದೇ ಬಿಟ್ಟದ್ದು ನಿಜ. ಮಾರ್ಟಿನ್ ಎದ್ದು ನಿಂತು ನನ್ನ ಕೈ ಕುಲುಕಿದರು. ನೇತ್ರಾ ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿ, “ಇರಲಿ ಬಿಡು” ಎಂದೆ.

ರಟ್ಟಿನ ಮಾಸ್ತರನನ್ನು ವಾಪಸು ತರಲಿಲ್ಲ. ಶೌಚಾಲಯದ ಓಣಿಯಲ್ಲಿ ಅವನ ಕೊರಳಿಗೂ ಯಾರೋ ಚಿಲಕದ ಚೀಟಿ ಹಾಕಿದ್ದರು.

ಮತ್ತೆ ಧನಕವಡಿ

ಮನೆಯಲ್ಲಿ ನಮ್ಮ ಯಜಮಾನರು ಕೇಳಿದ ಮೊದಲ ಪ್ರಶ್ನೆ, “ಹೋಳಿಗಿ ಎಲ್ಲಾ ಖಾಲಿ ಆದ್ವೇನು?” ಚಿತ್ರದ ವಿಷಯ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬಸವಂತ ಕಾಕಾಗೆ ಫೋನ್ ಮಾಡಿ, ದೆವ್ವ ಭಾಳ ಛಲೋದು ಅಂತ ಜರ್ಮನಿ ಹುಡುಗೂರು ಹೇಳಿದ್ವು ಎಂದೆ. ಅವರಿಗೆ ಬಹಳ ಸಂತೋಷವಾಯಿತು.

ಎರಡು ವಾರ ಬಿಟ್ಟು ನೇತ್ರಾ ಬಂದಳು. ಪುಣೆಯ ಅದೇ ಚಿತ್ರಮಂದಿರ ‘ಚಿಲಕ’ಕ್ಕೆ ಭಾನುವಾರ ಬೆಳಗಿನ ಆಟ ಕೊಟ್ಟಿತ್ತು. ನನಗೆ ಮಾತು ಕೊಟ್ಟಿದ್ದ ಆಟ ಅದು. ಅವಳ ಕೈಯಲ್ಲಿ ಪೋಸ್ಟರಿನ ನಮೂನೆ. ಕೆಳಗೆ, ಎಲ್ಲರ ಹೆಸರಿಗಿಂತ ಮೊದಲು, ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಕೊನೆಯ ಸಾಲನ್ನು ನಮಗೆ ಕೊಟ್ಟ ಸುಮಕ್ಕನಿಗೆ.’

ಚಹಾ ಕಾಸುತ್ತ ನಿಂತಿದ್ದೆ. ಹಾಲು ಉಕ್ಕಿತು. ಒಲೆ ಆರಿಸಿ ಬಂದು ಅವಳ ಎದುರು ಕೂತೆ.

“ನೇತ್ರಾ, ಆ ಸಾಲು ಇಲ್ಲಂತ ಬೇಕರಿಯೊಳಗನ ನನಗ ಗೊತ್ತಾಗಿತ್ತು.”

“ಗೊತ್ತಲ್ವಾ ಅಕ್ಕಾ, ಅದಕ್ಕೇ ತಾನೇ...”

“ಛಲೋ ಆಗಲಿ ಅಂತ ಬಿಟ್ಟಿದ್ದಲ್ಲ. ಕೆಡಲಿ ಅಂತ ಬಿಟ್ಟೆ. ನನ್ನ ಪಿಚ್ಚರ್ ಬಿದ್ದಿತ್ತು, ನಿಂದೂ ಬೀಳಲಿ ಅಂತ.”

ಅವಳು ಪೋಸ್ಟರನ್ನು ನಿಧಾನವಾಗಿ ಸುತ್ತಿದಳು. ರಬ್ಬರ್ ಬ್ಯಾಂಡ್ ಹಾಕಿದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ಅತ್ತು ಮುಗಿಸಬಹುದಿತ್ತು.

“ಯಾಕ್ ಹೇಳಿದ್ರಿ?” ಎಂದಳು.

“ಪೋಸ್ಟರ್ ಮ್ಯಾಲೆ ಹಂಗ ಬರದೀಯಲ್ಲ, ತಡಕೋಳಾಕ ಆಗಲಿಲ್ಲ.”

“ಅದು ಪ್ರಿಂಟಿಗೆ ಹೋಗಿ ಆಯ್ತು” ಎಂದಳು. ಚಹಾ ಕುಡಿಯದೆ ಎದ್ದಳು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ, “ಶೋಗೆ ಬನ್ನಿ ಮೇಡಂ” ಎಂದಳು. ಮುಖ ನೋಡಲಿಲ್ಲ.

ಭಾನುವಾರ ಬೆಳಗಿನ ಆಟ

ಹೋದೆ. ಹೋಗದಿದ್ದರೆ ಪ್ರವಾಸ ಮುಗಿದಂತೆ ಆಗುತ್ತಿರಲಿಲ್ಲ. ವಿಮಾನ ನಗರದ ಸಾಫ್ಟ್‌ವೇರ್ ಮಂದಿ, ಮಾರ್ಕೆಟ್ ಯಾರ್ಡಿನ ನಮ್ಮ ಕಡೆಯ ಮಂದಿ, ಅವರ ಮಕ್ಕಳು, ಮಕ್ಕಳ ಮರಾಠಿ ಗೆಳೆಯರು, ಎಲ್ಲ ಸೇರಿ ಮುಕ್ಕಾಲು ಚಿತ್ರಮಂದಿರ ತುಂಬಿತ್ತು. ಮ್ಯಾನೇಜರು ನನ್ನನ್ನು ನೋಡಿ, “ಬಗಾ ಮ್ಯಾಡಮ್, ಮುಲಾಂಚಾ ಪಣ್, ಭುತಾಚಾ ಪಣ್” ಎಂದರು. ಮಕ್ಕಳದೂ ಹೌದು, ದೆವ್ವದ್ದೂ ಹೌದಂತೆ. ಈಗ ತಿಳಿಯಿತು ಇವರಿಗೆ.

ಮಾತುಗಳಿಗೆಲ್ಲ ಮರಾಠಿ ಸಬ್‌ಟೈಟಲ್ ಇತ್ತು. ಪರದೆ ಕಪ್ಪಾಗುವ ಮುಂಚೆ ನನಗೆ ಏನು ಬರುತ್ತದೆಂದು ಗೊತ್ತು. ಎಷ್ಟೋ ಸಲ ನೋಡಿದ್ದೇನೆ, ಓದಿದ್ದೇನೆ, ಅದರ ಮೇಲೆ ಪಾಪವನ್ನೂ ಮಾಡಿದ್ದೇನೆ. ಆದರೂ ಆ ಕತ್ತಲೆಯಲ್ಲಿ “ಚಿಲಕ ಹಾಕಿದ್ಯಾ?” ಎಂದು ಬಂದಾಗ, ಕೆಳಗೆ ಸಬ್‌ಟೈಟಲ್ ಬಾರದೆ ಖಾಲಿ ಉಳಿದಾಗ, ನನ್ನ ಕೈ ತಾನಾಗಿಯೇ ಪಕ್ಕದ ಕುರ್ಚಿಯ ಕಡೆ ಹೋಯಿತು. ಜರ್ಮನಿಯಲ್ಲಿ ಅಲ್ಲಿ ನೇತ್ರಾ ಕೂತಿದ್ದಳು. ಇಲ್ಲಿ ನನ್ನ ಚೀಲವಿತ್ತು.

ಅವಳ ಚಿತ್ರ ನನ್ನದಕ್ಕಿಂತ ಚೆನ್ನಾಗಿದೆ. ಸಾಲು ಓದಿದರೂ ಚೆನ್ನಾಗಿಯೇ ಇರುತ್ತಿತ್ತು. ಇಷ್ಟು ಹೇಳುವುದಕ್ಕೆ ನನಗೆ ಜರ್ಮನಿಯವರೆಗೆ ಹೋಗಿ ಬರಬೇಕಾಯಿತು.

ಕೊನೆಗೆ ಹೆಸರುಗಳು ಬಂದವು. ಪೋಸ್ಟರು ಅಚ್ಚಾಗಿ ಹೋಗಿತ್ತು, ಆದರೆ ಪರದೆಯ ಮೇಲಿನದನ್ನು ಬದಲಾಯಿಸಲು ಇನ್ನೂ ಸಮಯವಿತ್ತೆಂದು ಕಾಣುತ್ತದೆ. ಎಲ್ಲರ ಕೊನೆಗೆ, ಸಣ್ಣ ಅಕ್ಷರದಲ್ಲಿ, ‘ಕೃತಜ್ಞತೆ: ಸುಮಂಗಲಾ ಮೇಡಂ.’ ಎರಡು ಸಾಲು ಮುಂದೆ ಕ್ಯಾಪು ಹಾಕಿ ಕೂತಿದ್ದ ನೇತ್ರಾ ಹಿಂತಿರುಗಿ ನೋಡಲಿಲ್ಲ.

ಜನ ಹೊರಗೆ ಹೋಗುವವರೆಗೆ ಕಾದು, ಮ್ಯಾನೇಜರನ್ನು ಕೇಳಿ ಗೋಡೆಯ ಮೇಲಿದ್ದ ಒಂದು ಪೋಸ್ಟರನ್ನು ಬಿಡಿಸಿಕೊಂಡೆ. ನೆನಪಿಗಾ ಎಂದು ಕೇಳಿದರು. ಹೌದೆಂದೆ. ಈಗ ಅದು ನಮ್ಮ ಬೀರುವಿನಲ್ಲಿ, ಇಳಕಲ್ಲ ಸೀರೆಗಳ ಕೆಳಗೆ, ನನ್ನ ಹಾರ್ಡ್ ಡಿಸ್ಕಿನ ಪಕ್ಕದಲ್ಲಿದೆ. ಆಗಾಗ ತೆಗೆದು, ಕೆಳಗಿನ ಆ ಒಂದು ಸಾಲು ಓದಿ, ಮತ್ತೆ ಸುತ್ತಿ ಇಡುತ್ತೇನೆ.